ಫ್ರೀವೇ ಕೆಳಗಿನವರ ಕೌದಿ

ಹೋದ ತಿಂಗಳು ಮೊಮ್ಮಗಳು ತಾರಾಳಿಗೆ ಶಾಲೆಯ ಪ್ರಾಜೆಕ್ಟಿಗೆಂದು ಒಂದು ಪುಸ್ತಕ ಬೇಕಾಗಿತ್ತು. ನಾವಿರುವ ಡಬ್ಲಿನ್ ಎಂಬ ಊರಿನಲ್ಲಿ ಸಿಗಲಿಲ್ಲ, ಹತ್ತಿರದ ಓಕ್‌ಲ್ಯಾಂಡಿನ ಒಂದು ಲೈಬ್ರರಿಯಲ್ಲಿ ಇದೆ ಎಂದು ತಿಳಿಯಿತು. ಯಾವ ಲೈಬ್ರರಿ ಎಂದು ನಾನೂ ಕೇಳಲಿಲ್ಲ, ಮಗಳೂ ಹೇಳಲಿಲ್ಲ. ಅವಳು ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿ ಪಾರ್ಕಿಂಗು ಹುಡುಕಲು ಹೋದಳು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಆ ವಾಸನೆ. ನೆಲಕ್ಕೆ ಉಜ್ಜಿದ ಮೇಣ, ಮಳೆಯಲ್ಲಿ ನೆಂದ ಕೋಟುಗಳು, ಹಳೆಯ ಹತ್ತಿ ಬಟ್ಟೆ. ತಲೆ ಎತ್ತಿ ನೋಡಿದೆ. ಹಾಲಿನ ನಟ್ಟನಡುವೆ, ಮಾಡಿನಿಂದ ಇಳಿಬಿಟ್ಟಂತೆ, ಅದು ಇನ್ನೂ ತೂಗುತ್ತಿತ್ತು.

"ಅಜ್ಜಿ, ವೈ ಆರ್ ಯೂ ಕ್ರೈಯಿಂಗ್?" ಎಂದಳು ತಾರಾ.

"ಅಳಾಕತ್ತಿಲ್ಲವ್ವ. ಸೊಕ್ಕು ಉಕ್ಕಾಕತ್ತೈತಿ," ಎಂದೆ. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನನಗೆ ಮಾತ್ರ ಎಂಬತ್ತರ ದಶಕದ ನಡುವಿನ ಆ ಒಂದು ಮಳೆಗಾಲ ಪೂರ್ತಿಯಾಗಿ ಎದುರು ಬಂದು ನಿಂತಿತು.

ಇಲ್ಲಿ ಮಳೆಗಾಲವೆಂದರೆ ಚಳಿಗಾಲ. ನವೆಂಬರಿನಲ್ಲಿ ಹಿಡಿದರೆ ಮಾರ್ಚಿನವರೆಗೆ ಬಿಟ್ಟು ಬಿಟ್ಟು ಜಿನುಗುತ್ತದೆ. ಧಾರವಾಡದಲ್ಲಿ ಹುಟ್ಟಿದ ನನಗೆ ಜಿಟಿಜಿಟಿ ಮಳೆ ಹೊಸದಲ್ಲ, ಆದರೆ ಆ ವರ್ಷ ನನಗೆ ಈ ಊರೇ ಹೊಸದು. ನಮ್ಮ ಯಜಮಾನರು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಮಗಳಿಗೆ ಮೂರು ವರ್ಷ. ಓಕ್‌ಲ್ಯಾಂಡಿನ ತಗ್ಗಿನ ಭಾಗದಲ್ಲಿ, ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಂಸಾರ. ಊರನ್ನು ಉದ್ದಕ್ಕೂ ಸೀಳಿಕೊಂಡು ಫ್ರೀವೇ ಎಂಬ ದೊಡ್ಡ ಹೆದ್ದಾರಿ ಹೋಗುತ್ತದೆ. ಅದರ ಮೇಲೆ ಗುಡ್ಡ, ಅದರ ಕೆಳಗೆ ತಗ್ಗು. ಗುಡ್ಡದವರು, ತಗ್ಗಿನವರು ಎಂದು ಯಾವ ಬೋರ್ಡೂ ಇರಲಿಲ್ಲ. ಆದರೂ ಬಂದ ತಿಂಗಳೊಳಗೆ ಎಲ್ಲಾ ಗೊತ್ತಾಯಿತು. ಹೇಗೆಂದರೆ, ಬಟ್ಟೆಯಿಂದ.

ನಮ್ಮ ಅಜ್ಜಿ ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು, ಇಳಿಯುವ ಹೆಂಗಸರ ಸೆರಗು ಮತ್ತು ಕುಪ್ಪಸದ ಖಣ ನೋಡಿಯೇ ಯಾರು ಯಾವ ಊರಿನವರು, ಯಾವ ಮನೆತನದವರು ಎಂದು ಹೇಳುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಆ ಚಾಳಿ ನನಗೂ ಅಂಟಿತ್ತು. ಕೆಳಗಿನ ಅಂಗಡಿಯ ಒಣಗಿಸುವ ಮಶಿನ್ನುಗಳ ದುಂಡು ಗಾಜಿನಲ್ಲಿ ನಾನು ಊರು ಓದಿದೆ. ಆಸ್ಪತ್ರೆಯ ಹಸಿರು ಅಂಗಿಗಳು, ಹಡಗುಕಟ್ಟೆಯ ಗ್ರೀಸು ಹತ್ತಿದ ನೀಲಿ ಪ್ಯಾಂಟುಗಳು, ಹಳೆಯ ಬಟ್ಟೆಯ ಪಟ್ಟಿ ಕೂಡಿಸಿ ಹೊಲಿದ ಹೊದಿಕೆಗಳು ನಮ್ಮ ಕಡೆಯವು. ಗುಡ್ಡದವರಿಗೆ ಮನೆಯಲ್ಲೇ ಮಶಿನ್ನು. ಆದರೆ ವರ್ಷಕ್ಕೆ ಒಂದೆರಡು ಸಲ, ಮನೆಯ ಮಶಿನ್ನಿಗೆ ಹಿಡಿಸದ ದಪ್ಪ ಹೊದಿಕೆ ಹೊತ್ತು ಅವರೂ ಇಳಿದು ಬರುತ್ತಿದ್ದರು. ಅವರದು ತಿಳಿನೀಲಿ, ತಿಳಿಗುಲಾಬಿ, ಸಾಲು ತಪ್ಪದ ಪುಟ್ಟ ಹೂವು. ಅದು ಒಣಗುವವರೆಗೂ ಅವರು ಕಾರಿನೊಳಗೆ ಕುಳಿತಿರುತ್ತಿದ್ದರು, ಬಾಗಿಲಿಗೆ ಚಿಲಕ ಹಾಕಿಕೊಂಡು.

ನಮ್ಮವರು ಮಾತ್ರ ಬೇರೆಯೇ? ಎಲ್ಲರ ಮನೆ ದೋಸೆಯೂ ತೂತೇ. ಆ ವರ್ಷ ಫ್ರೀಮಾಂಟಿನಲ್ಲಿ ಕನ್ನಡದವರೆಲ್ಲ ಸೇರಿದಾಗ ನಾನು ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಮೈಸೂರು ಸಿಲ್ಕುಗಳೆಲ್ಲ ಮುಂದಿನ ಸಾಲು, ನಾನು ಹಿಂದೆ. ಮೈಸೂರಿನ ವಿಮಲಾ ಎಂಬಾಕೆ ನನ್ನ ಸೆರಗನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಚೆನ್ನಾಗಿದೆ, ಎಥ್ನಿಕ್ಕು! ಆದ್ರೆ ಓಕ್‌ಲ್ಯಾಂಡಲ್ಲಿ, ಅದೂ ಆ ಏರಿಯಾದಲ್ಲಿ ಯಾಕ್ರೀ ಇದೀರಾ? ಮಗೂನ ಬೇರೆ ಇಟ್ಕೊಂಡು! ಫ್ರೀವೇ ಮೇಲ್ಗಡೆ ಆದ್ರೂ ಒಂದು ಅಪಾರ್ಟ್‌ಮೆಂಟು ನೋಡ್ಬಾರ್ದಾ?" ಎಂದಳು. ಮೈ ಉರಿದುಹೋಯಿತು. ನಗುತ್ತಾ ಪುಳಿಯೋಗರೆ ತಿಂದು ಬಂದೆ.

ಮಳೆಯ ದಿನ ಮಗಳನ್ನು ಎಳೆದುಕೊಂಡು ನಾನು ಹೋಗುತ್ತಿದ್ದುದು ಈ ಲೈಬ್ರರಿಗೆ. ಬೆಚ್ಚಗಿರುತ್ತಿತ್ತು, ಯಾರೂ ಏಕೆ ಬಂದೆ ಎಂದು ಕೇಳುತ್ತಿರಲಿಲ್ಲ. ಅಲ್ಲಿಯೇ ಒಂದು ದಿನ ಗೋಡೆಯ ಮೇಲೆ ಚೀಟಿ ಕಂಡೆ. ಲೈಬ್ರರಿಯ ಗೋಡೆಗೆ ತೂಗುಹಾಕಲು ಊರಿನವರೆಲ್ಲ ಸೇರಿ ಒಂದು ದೊಡ್ಡ ಹೊದಿಕೆ ಹೊಲಿಯುವುದು. ಒಂದೊಂದು ಬಡಾವಣೆಯ ಹೆಂಗಸರು ತಮ್ಮ ಬೀದಿಯನ್ನು ತೋರಿಸುವ ಒಂದೊಂದು ಚೌಕ ಮಾಡಿಕೊಡುವುದು. ಓದಿ ನನಗೆ ನಗು ಬಂತು. ಇದು ನಮ್ಮ ಕೌದಿ ಅಲ್ಲವೇ! ನನ್ನ ಬೀದಿಯನ್ನು ನಾನಲ್ಲದೆ ಇನ್ಯಾರು ಹೊಲಿಯಬೇಕು? ಕೊಟ್ಟ ಪೆನ್ನಿನಲ್ಲಿ 'ಗೌರಿ' ಎಂದು ಬರೆದೆ. ಈ ಊರಿನಲ್ಲಿ ನಾನು ಯಾವುದಕ್ಕಾದರೂ ಹೆಸರು ಕೊಟ್ಟದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ನೆಲಮಾಳಿಗೆಯ ಹಾಲಿನಲ್ಲಿ ಕೂಟ. ನಡೆಸುತ್ತಿದ್ದವರು ಮಾರ್ಗರೆಟ್, ಗುಡ್ಡದ ಮೇಲಿನ ನಿವೃತ್ತ ಟೀಚರು, ಎತ್ತರದ ಆಳು, ಬೆಳ್ಳಿಯಂಥ ಕೂದಲಿನಲ್ಲಿ ಸದಾ ಒಂದು ಪೆನ್ಸಿಲು. ನನ್ನ ಪಕ್ಕದ ಕುರ್ಚಿ ಲುಸಿಲ್‌ಳದು. ಕಪ್ಪು ಹೆಂಗಸು, ಅರವತ್ತು ದಾಟಿದಾಕೆ. ಎರಡನೇ ಮಹಾಯುದ್ಧದ ಕಾಲಕ್ಕೆ ಟೆಕ್ಸಸಿನಿಂದ ರೈಲು ಹತ್ತಿ ಬಂದು ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದವಳು, ಈಗ ನಮ್ಮಿಂದ ಎರಡು ಬೀದಿ ಆಚೆ ಮನೆ. ಇನ್ನೊಂದು ಪಕ್ಕದಲ್ಲಿ ಫಾಮ್, ಲಾವೋಸಿನ ಬೆಟ್ಟಗಳಿಂದ ಯುದ್ಧಕ್ಕೆ ಹೆದರಿ ಓಡಿ ಬಂದ ಮಿಯೆನ್ ಜನದವಳು. ತಲೆಗೆ ಕಸೂತಿಯ ರುಮಾಲು, ಬಾಯಲ್ಲಿ ಹತ್ತು ಇಂಗ್ಲಿಷ್ ಪದ. ಎಲ್ಲರೂ ಆಡಿದ್ದು ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಲುಸಿಲ್ ಧಾರವಾಡದ ಮಾತನ್ನೇ ಆಡುತ್ತಾಳೆ, ಮಾರ್ಗರೆಟ್ ಮೈಸೂರಿನ ಮಾತನ್ನು. ಹಾಗೆಯೇ ಬರೆಯುತ್ತೇನೆ.

ಮಾರ್ಗರೆಟ್ ದೊಡ್ಡ ಕಾಗದದಲ್ಲಿ ಊರಿನ ನಕ್ಷೆ ಬರೆದು ತಂದಿದ್ದರು. ಮೇಲಿನ ಸಾಲಿನಲ್ಲಿ ಗುಡ್ಡದ ಚೌಕಗಳು, ಅದರ ಕೆಳಗೆ ಫ್ರೀವೇ ಎಂದು ಒಂದು ಬೂದು ಪಟ್ಟಿ, ಆಮೇಲೆ ಊರ ನಡುವಿನ ಸರೋವರದ ಸುತ್ತಿನವರ ಸಾಲು, ಕಟ್ಟಕಡೆಗೆ ತಗ್ಗು. ಚೌಕ ಹನ್ನೆರಡು ಇಂಚು, ಕೈಹೊಲಿಗೆಯೇ ಆಗಬೇಕು. ಲುಸಿಲ್ ಬೂದು ಪಟ್ಟಿಯ ಮೇಲೆ ಬೆರಳಿಟ್ಟು ನನ್ನ ಕಿವಿಯಲ್ಲಿ, "ಇದನ್ನ ಹಾಕಾಕ ಭಾರೀ ಅವಸರ ನೋಡು ತಂಗಿ ಅವರಿಗೆ. ಅದಕ್ಕ ಮನಿ ಕಳಕೊಂಡವ್ರು ನಾವು," ಎಂದಳು. ಆ ಫ್ರೀವೇ ಕಟ್ಟುವಾಗ ಅವಳ ಮೊದಲ ಮನೆ ಹೋಗಿತ್ತಂತೆ.

ನಾನು ಒಂದು ತಿಂಗಳು ಹೊಲಿದೆ. ಊರಿಂದ ತಂದಿದ್ದ ಕರಿ ಬಟ್ಟೆ, ಕೆಂಪು, ಹಸಿರು, ಬಿಳಿ ದಾರ. ಕಸೂತಿಯಲ್ಲಿ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೋಗುವುದು, ಎಣಿಸಿ ಹಿಂದಕ್ಕೆ ಬರುವುದು. ಹೋಗುವಾಗ ಬಿಟ್ಟ ಸಂದು ಬರುವಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ಗಂಟು ಕಂಡರೆ ಅಜ್ಜಿ, "ಇದೇನ ಹೊಲಿಗಿಯೋ, ಎತ್ತಿನ ದಾವಣಿಯೋ?" ಎಂದು ಬಿಚ್ಚಿಸುತ್ತಿದ್ದಳು. ನಮ್ಮ ಬೀದಿಯ ಸಿಟಿ ಬಸ್ಸಿಗೆ ಆನೆಯ ಕಾಲು ಕೊಟ್ಟು ಅಂಬಾರಿ ಮಾಡಿದೆ. ಒಗೆಯುವ ಮಶಿನ್ನುಗಳ ದುಂಡು ಗಾಜುಗಳನ್ನು ರಥದ ಚಕ್ರ ಮಾಡಿದೆ. ಬಸ್ಸಿನ ಕೊನೆಯ ಕಾಲಿಗೆ ಬಂದಾಗ ಗೆರೆ ಕೂಡಲಿಲ್ಲ. ಎಲ್ಲೋ ಒಂದು ಎಳೆ ತಪ್ಪಿತ್ತು. ಮೂರು ದಿನದ ಕೆಲಸ ಬಿಚ್ಚಿದೆ, ಮತ್ತೆ ಹೊಲಿದೆ. ಮುಗಿದಾಗ ಯಜಮಾನರು ಅದನ್ನು ದೀಪಕ್ಕೆ ಹಿಡಿದು ತಿರುವಿ ಮುರುವಿ ನೋಡಿ, "ಇದರ ಮುಂದಿನ ಕಡೆ ಯಾವುದ?" ಎಂದರು. ಕಸೂತಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೇ?

ಆರಿಸಿದ ಚೌಕಗಳನ್ನು ಮೇಜಿನ ಮೇಲೆ ಜೋಡಿಸಿದ ಶನಿವಾರ ಜೋರು ಮಳೆ. ಗುಡ್ಡದ ಸಾಲು ಇತ್ತು, ಬೂದು ಪಟ್ಟಿ ಇತ್ತು, ಸರೋವರದ ಸಾಲು ಇತ್ತು. ಅದರ ಕೆಳಗೆ ಬರೀ ಮೇಜು. ನಮ್ಮ ಚೌಕಗಳು ಬದಿಯ ಕುರ್ಚಿಯಲ್ಲಿ ಮಡಿಸಿಟ್ಟಿದ್ದವು.

ಮಾರ್ಗರೆಟ್ ಮೃದುವಾಗಿಯೇ ಹೇಳಿದರು. "ದಯವಿಟ್ಟು ತಪ್ಪು ತಿಳ್ಕೋಬೇಡಿ. ಗೋಡೆ ಅಳತೆ ನೋಡಿದ್ವಿ, ಕೊನೇ ಸಾಲಿಗೆ ಜಾಗ ಸಾಲೋದಿಲ್ಲ. ಹೇಗೂ ಇವು ಹೊಂದ್ತಾ ಇರಲಿಲ್ಲ. ಲುಸಿಲ್ ಅವರ ಪಟ್ಟಿಗಳು ನೇರವಾಗಿಲ್ಲ. ಫಾಮ್ ಅವರ ಬಣ್ಣ ತುಂಬಾ ಗಾಢ. ಗೌರಿ ಅವರದು..." ನನ್ನ ಚೌಕ ಎತ್ತಿ ಹಿಂಬದಿ ತೋರಿಸಿದರು. "ಇದು ಮಶಿನ್ ಕೆಲಸ. ಒಂದು ಗಂಟೂ ಇಲ್ಲ, ಒಂದು ತುದೀನೂ ಇಲ್ಲ. ಕೈಯಲ್ಲಿ ಹೀಗೆ ಬರೋಕೆ ಸಾಧ್ಯವಿಲ್ಲ. ನಿಯಮ ಎಲ್ಲರಿಗೂ ಒಂದೇ, ಅಲ್ವಾ?"

ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ, ಅಷ್ಟು ಅವಮಾನವನ್ನೂ ಮಾಡಿರಲಿಲ್ಲ. ಮೂವರಿಗೆ ಮೂರು ಕಾರಣ, ಮೂವರೂ ತಗ್ಗಿನವರು. ಇದನ್ನು ನೋಡಲು ಕನ್ನಡಿ ಬೇಕಿರಲಿಲ್ಲ. ನಮ್ಮ ಮುಖ ಸಪ್ಪಗಾದದ್ದು ಕಂಡು ಮಾರ್ಗರೆಟ್ ಅವರೇ ಒಂದು ದಾರಿ ಹೇಳಿದರು: "ಬೇಕಿದ್ರೆ ಹಿಂಭಾಗಕ್ಕೆ ಹಾಕೋಣ. ಹೇಗೂ ಹಿಂದಕ್ಕೆ ಒಂದು ಬಟ್ಟೆ ಬೇಕೇ ಬೇಕು."

ಹಿಂಭಾಗ! ಗೋಡೆಗೆ ಅಂಟಿಕೊಳ್ಳುವ ಭಾಗ. ಯಾರ ಕಣ್ಣಿಗೂ ಬೀಳದ್ದು. ನಾನು ಎದ್ದು ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದೆ. ಹೊರಗೆ ಬಸ್‌ಸ್ಟಾಪಿನಲ್ಲಿ ಅತ್ತುಬಿಟ್ಟೆ, ಅದನ್ನೇಕೆ ಮುಚ್ಚಿಡಲಿ.

ಹಿಂದೆಯೇ ಲುಸಿಲ್ ಮತ್ತು ಫಾಮ್ ಬಂದರು. ಫಾಮ್ ತನ್ನ ಚೀಲದಿಂದ ಅರ್ಧ ಹೊಲಿದ ಬಟ್ಟೆ ತೆಗೆದು, ನನ್ನ ಮೊಣಕಾಲ ಮೇಲೆ ಹರಡಿ, ಸೂಜಿ ಹಿಡಿದು ತೋರಿಸಿದಳು. ಅವಳು ಹೊಲಿಯುತ್ತಿದ್ದುದು ಹಿಂಬದಿಯಿಂದ! ಎಳೆ ಎಣಿಸುತ್ತಾಳೆ, ನನ್ನ ಹಾಗೆಯೇ. ಆದರೆ ಅವಳ ಜನರಲ್ಲಿ ಬಟ್ಟೆಯ ಬೆನ್ನು ನೋಡಿಕೊಂಡೇ ಹೊಲಿಯುವುದು, ಮುಖ ಕೆಳಗೆ ತಾನಾಗಿ ಮೂಡುತ್ತದೆ. "ಬ್ಯಾಕ್, ವರ್ಕ್," ಎಂದಳು. ನನ್ನ ಚೌಕ ತಿರುಗಿಸಿ ಎರಡೂ ಕಡೆ ಬೆರಳಾಡಿಸಿ, "ಬ್ಯಾಕ್, ಗುಡ್," ಎಂದಳು. ಅವಳ ಹತ್ತು ಪದಗಳಲ್ಲಿ ಮೂರು ಆ ದಿನ ನನಗೇ ಖರ್ಚಾದವು.

ಲುಸಿಲ್ ಜೋರಾಗಿ ನಕ್ಕಳು. "ಹಿಂದ ಒಂದ ಸಾಲಿಗೆ ಜಾಗಾ ಕೊಟ್ಟಾರಂತ ಅಳ್ತಿ? ಹುಚ್ಚಿ! ಹಿಂದ ಪೂರ್ತಿ ಖಾಲಿ ಐತಿ. ಒಂದ ಸಾಲು ಯಾಕ? ಪೂರ್ತಿ ನಮ್ದ ಮಾಡೂಣು."

ಆಮೇಲಿನ ಎರಡು ತಿಂಗಳು ನನ್ನ ಆಯುಷ್ಯದ ಹಬ್ಬ. ಲುಸಿಲ್‌ಳ ಅಡುಗೆಮನೆಯಲ್ಲಿ, ಕಾಳು ಬೇಯುವ ವಾಸನೆಯಲ್ಲಿ, ನಾವು ತಗ್ಗಿನ ಊರು ಹೊಲಿದೆವು. ಅವಳ ಗಂಡನ ಹಳೆಯ ಕೆಲಸದ ಪ್ಯಾಂಟು, ಆಸ್ಪತ್ರೆಯ ಹಸಿರು ಅಂಗಿ, ಒಗೆಯುವ ಅಂಗಡಿಯಲ್ಲಿ ಯಾರೂ ಕೇಳದೆ ಉಳಿದ ಬಟ್ಟೆಗಳು ಪಟ್ಟಿಗಳಾದವು. ಲುಸಿಲ್ ಅಳತೆ ಕೋಲು ಮುಟ್ಟುತ್ತಿರಲಿಲ್ಲ. ಕಣ್ಣಳತೆಯಲ್ಲಿ ಕತ್ತರಿಸಿ, ಸೊಟ್ಟಗೆ ಇಟ್ಟು, ದೂರ ನಿಂತು ನೋಡಿ, "ಈಗ ಕುಣಿಯಾಕತ್ತೈತಿ," ಎನ್ನುತ್ತಿದ್ದಳು. ನಮ್ಮ ಅಜ್ಜಿ ಕೌದಿ ಹೊಲಿಯುತ್ತಿದ್ದುದೂ ಹೀಗೆಯೇ. ಫಾಮ್‌ಳ ಚೌಕ ನಡುವೆ, ನನ್ನ ಅಂಬಾರಿ ಬಸ್ಸು ಪಕ್ಕಕ್ಕೆ. ನನ್ನ ಇಳಕಲ್ ಸೀರೆಯ ಸೆರಗನ್ನೂ ಕತ್ತರಿಸಿ ಅಂಚು ಕಟ್ಟಿದೆ. ವಿಮಲಾ ಎರಡು ಬೆರಳಲ್ಲಿ ಎತ್ತಿದ್ದ ಅದೇ ಸೆರಗು.

ಮಾರ್ಚಿನಲ್ಲಿ ಮುಂದಿನ ಬಟ್ಟೆ, ನಡುವೆ ಹತ್ತಿ, ಹಿಂದೆ ನಮ್ಮ ಬಟ್ಟೆ, ಹೀಗೆ ಮೂರನ್ನೂ ಕೂಡಿಸಿ ದೊಡ್ಡ ಮರದ ಚೌಕಟ್ಟಿಗೆ ಬಿಗಿದರು. ಇನ್ನು ಉಳಿದದ್ದು ಮೂರು ಪದರವನ್ನೂ ಹಿಡಿಯುವ ಸಾದಾ ಹೊಲಿಗೆ. ಇಲ್ಲೇ ಇದ್ದದ್ದು ಗಮ್ಮತ್ತು. ಆ ಹೊಲಿಗೆ ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಕಂಡೇ ಕಾಣುತ್ತದೆ. ಮೊದಲ ಸರದಿ ನಮಗಿರಲಿ ಎಂದು ಲುಸಿಲ್ ಹಟ ಹಿಡಿದಳು. ನಮ್ಮ ಬದಿ ಮೇಲೆ ಮಾಡಿ ಬಿಗಿದೆವು. ದಪ್ಪ ಬಟ್ಟೆಯಲ್ಲಿ ಎಳೆ ಎಣಿಸಲಾಗದು. ಅದಕ್ಕೆ ನಮ್ಮೂರಲ್ಲಿ ರೇಷ್ಮೆಗೆ ಮಾಡುವಂತೆ, ಮೇಲೆ ಜಾಲರಿಯಂಥ ಬಟ್ಟೆ ಹಾಸಿ, ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದೆಂದು ಹೇಳಿಕೊಟ್ಟೆ. ಗೋಪುರದ ಮೆಟ್ಟಿಲಿನಂತೆ ಏರುವ ಗೆರೆಗಳು, ಕೆಳಗಿನಿಂದ ಮೇಲಿನ ತುದಿಯವರೆಗೆ.

ಮಾರ್ಗರೆಟ್ ಎದುರಿಗೆ ಕೈಕಟ್ಟಿ ನಿಂತಿದ್ದರು. ನನ್ನ ಸೂಜಿ ಹೋಯಿತು, ಬಂತು. ಅವರ ಕಣ್ಣು ಸೂಜಿಯನ್ನು ಬಿಡಲಿಲ್ಲ. ಚೌಕಟ್ಟಿನ ಕೆಳಗೆ ಮನೆ ಮಾಡಿಕೊಂಡು ಆಡುತ್ತಿದ್ದ ನನ್ನ ಮಗಳು, "ಅವ್ವಾ, ಇಲ್ಲೂ ಗುಡಿ ಬಂತು!" ಎಂದು ಕೂಗಿದಳು. ಮಗು ಏನೆಂದಿತು ಎಂದು ಮಾರ್ಗರೆಟ್ ಕೇಳಿದರು. ಹೇಳಿದೆ. ಆ ಎತ್ತರದ ಹೆಂಗಸು ಕನ್ನಡಕ ಏರಿಸಿಕೊಂಡು, ಮೊಣಕಾಲೂರಿ, ಚೌಕಟ್ಟಿನ ಕೆಳಗೆ ತೂರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೆಳಗಿನಿಂದಲೇ ಧ್ವನಿ ಬಂತು. "ಗಂಟು ಎಲ್ಲಿ ಹಾಕಿದ್ರಿ?"

"ಹಾಕಂಗಿಲ್ರಿ."

"ಎಲ್ಲೂ?"

"ಎಲ್ಲೂ ಇಲ್ರಿ."

ಆಮೇಲೆ, "ಇದು ನನ್ನ ಫ್ರೀವೇ ಮೇಲೆ ಹಾದುಹೋಗ್ತಾ ಇದೆ!" ಎಂದರು. ಹೌದು, ನಮ್ಮ ಗೋಪುರದ ಗೆರೆಗಳು ಆ ಬದಿಯ ಬೂದು ಪಟ್ಟಿಯನ್ನು ಅಡ್ಡ ದಾಟಿ ಗುಡ್ಡದ ಹೂವುಗಳೊಳಗೆ ಏರಿದ್ದವು.

"ಹೋಗ್ಲಿ ಬಿಡವ್ವ," ಎಂದಳು ಲುಸಿಲ್. "ನಿಮ್ಮ ಗುಡ್ಡದವ್ರ ಮನಿ ಕಸಾ ಗುಡಸಾಕ ನಾ ಇಪ್ಪತ್ತು ವರ್ಷ ದಿನಾ ಬಸ್ಸಿನ್ಯಾಗ ಹಿಂಗ ದಾಟಿ ಬಂದೀನಿ."

ಮಾರ್ಗರೆಟ್ ಹೊರಗೆ ಬಂದರು. ಪೆನ್ಸಿಲು ಕೂದಲಿನಿಂದ ಜಾರಿ ಬಿದ್ದಿತ್ತು, ಮುಖ ಕೆಂಪಾಗಿತ್ತು. ನನ್ನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಗೌರಿ, ನಾನು ನಲವತ್ತು ವರ್ಷ ಹೊಲಿದಿದೀನಿ. ನಿಮ್ಮ ಕೆಲಸ ನೋಡೋಕೆ ನನಗೆ ಬರಲಿಲ್ಲ. ತಪ್ಪು ನಂದು." ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತು, "ಹೋಗೋದು ಗೊತ್ತಾಯ್ತು. ವಾಪಸ್ ಬರೋದು ತೋರಿಸಿ," ಎಂದರು. ತೋರಿಸಿದೆ. ಮೊದಲ ಸಾಲಿನಲ್ಲೇ ಒಂದು ಕಣ್ಣು ತಪ್ಪಿದರು. ಬಿಚ್ಚಿಸಿದೆ. ಅಜ್ಜಿಯ ಮೊಮ್ಮಗಳಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಕೊನೆಯ ಮೂಲೆ ಮುಚ್ಚುವ ಮುನ್ನ ನಾನು ತಡೆದೆ. ಕೌದಿ ಹಸಿದ ಹೊಟ್ಟೆಯಲ್ಲಿ ಇರಬಾರದು, ಅದರ ಮೂಲೆಯಲ್ಲಿ ನಾಲ್ಕು ಕಾಳು ಇಟ್ಟು ಹೊಲಿಯಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಲುಸಿಲ್ ಅಲಸಂದಿ ಕಾಳು ತಂದಳು, ಫಾಮ್ ಅಕ್ಕಿ, ನಾನು ಜೋಳ. ಮಾರ್ಗರೆಟ್ ತಮ್ಮ ಹಿತ್ತಲ ನಿಂಬೆಗಿಡದ ಒಂದು ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು.

ತೂಗುಹಾಕುವ ದಿನ ಗೋಡೆಯಲ್ಲಿ ಮೊಳೆ ಸಿದ್ಧವಾಗಿತ್ತು. ಮಾರ್ಗರೆಟ್ ಗೋಡೆ ನೋಡಿದರು, ಕೌದಿ ನೋಡಿದರು. "ಗೋಡೆಗೆ ಬೇಡ. ಇದಕ್ಕೆ ಹಿಂಭಾಗ ಅಂತ ಇಲ್ಲ. ಹಾಲಿನ ಮಧ್ಯೆ ತೂಗುಹಾಕಿ," ಎಂದುಬಿಟ್ಟರು. ಯಜಮಾನರು ಏಣಿ ಹತ್ತಿ ಒಂದು ತುದಿ ಹಿಡಿದರು, ಮಾರ್ಗರೆಟ್ ಇನ್ನೊಂದು ಏಣಿ ಹತ್ತಿ ಇನ್ನೊಂದು ತುದಿ. ಗುಡ್ಡದ ಹೂವುಗಳು ಬಾಗಿಲ ಕಡೆಗಿದ್ದವು. ಮೇಲಿನಿಂದ ಮಾರ್ಗರೆಟ್ ಒಂದು ಗಳಿಗೆ ನಮ್ಮ ಮೂವರನ್ನೂ ನೋಡಿದರು. ಆಮೇಲೆ ಯಜಮಾನರಿಗೆ, "ತಿರುಗಿಸಿ," ಎಂದರು. ಇಬ್ಬರೂ ಇಳಿದು, ಕೌದಿಯ ಮುಖ ತಿರುಗಿಸಿ, ಮತ್ತೆ ಹತ್ತಿದರು. ಬಾಗಿಲು ತೆರೆದು ಬಂದವರಿಗೆಲ್ಲ ಮೊದಲು ಕಂಡದ್ದು ನಮ್ಮ ಬೀದಿ. ಲುಸಿಲ್ ಸೀಟಿ ಹೊಡೆದಳು, ಲೈಬ್ರರಿ ಎಂಬುದನ್ನೂ ಮರೆತು. ಫಾಮ್ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು. ಮುಂದಿನ ತಿಂಗಳು ವಿಮಲಾಳನ್ನು ಕರೆತಂದು, ಬಾಗಿಲಲ್ಲೇ ನಿಲ್ಲಿಸಿ, ಅಂಚು ತೋರಿಸಿದೆ. "ಇದು ನಿಮ್ಮ ಆ ಸೀರೆ ಅಲ್ವಾ?" ಎಂದು ಬಾಯಿ ಬಿಟ್ಟಳು.

ಲುಸಿಲ್ ಈಗಿಲ್ಲ, ಮಾರ್ಗರೆಟ್ ಕೂಡ ಇಲ್ಲ. ಫಾಮ್ ಮಕ್ಕಳ ಜೊತೆ ಬೇರೆ ಊರು ಸೇರಿದಳು. ನಾನು ಡಬ್ಲಿನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ.

ತಾರಾ ಕೆಳಗಿನ ಮೂಲೆ ಹಿಡಿದು ಹಿಚುಕುತ್ತಿದ್ದಳು. "ಅಜ್ಜಿ, ಇದರೊಳಗೆ ಸಮ್‌ಥಿಂಗ್ ಇದೆ," ಎಂದಳು. ಅಷ್ಟರಲ್ಲಿ ಮೇಜಿನ ಹಿಂದಿನಿಂದ ಎಳೆಯ ಲೈಬ್ರರಿಯನ್ ಒಬ್ಬಳು ಎದ್ದು ಬಂದಳು. ನಮ್ಮನ್ನು ಹೊಸಬರೆಂದು ತಿಳಿದು, ನಗುತ್ತಾ ಅಂಬಾರಿ ಬಸ್ಸಿನತ್ತ ಕೈ ತೋರಿಸಿ ವಿವರಿಸಿದಳು. "ಇದು ನಮ್ಮ ಊರು. ಇದು ಮುಂಭಾಗ. ಆ ಕಡೆ ಹೋಗಿ ಹಿಂಭಾಗಾನೂ ನೋಡಿ, ಅದೂ ಚೆನ್ನಾಗಿದೆ."

ನಾನು ತಿದ್ದಲು ಹೋಗಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಹಿಂಭಾಗ ನೋಡಲು ಹೋದೆ.